ಮೊಡವೆ ಮಾತ್ರೆಗೆ ಎಚ್‌ಐವಿ ಬಗ್ಗುತ್ತಾ?

ಮದ್ದೂರು ಕಡೆಯಿಂದ ಮೈಸೂರಿಗೆ ಚಿಕಿತ್ಸೆಗೆ ಬರುವ ಹುಡುಗನೊಬ್ಬ ಮೊಬೈಲ್ ಮುಂದೆ ಹಿಡಿದ. ‘ಡಾಕ್ಟ್ರೇ, ಮೊಡವೆಗೆ ಕೊಡೋ ಮಿನೋಸೈಕ್ಲಿನ್‌ಗೆ ಎಚ್‌ಐವಿ ಬಗ್ಗುತ್ತಂತೆ. ನಂಗೂ ಬರ್ಕೊಡಿ.’ ಅವನು ಓದಿದ್ದು ಪೂರ್ತಿ ಸುಳ್ಳೇನಲ್ಲ.

ಮಿನೋಸೈಕ್ಲಿನ್ ಹಳೇ ಆ್ಯಂಟಿಬಯೋಟಿಕ್. ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸುವುದನ್ನು ತಡೆಯುತ್ತದೆ. ವೈರಸ್‌ಗೆ ಅಂಥ ಸ್ವಂತ ಏರ್ಪಾಡೇ ಇಲ್ಲ. ಆದರೆ 2010ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸಂಶೋಧಕರು ಪ್ರಯೋಗಾಲಯದಲ್ಲಿ ಬೇರೆಯೇ ದಾರಿ ಕಂಡರು. ಔಷಧ ಕೆಲಸ ಮಾಡಿದ್ದು ವೈರಸ್ ಹೊಕ್ಕ ಸಿಡಿ4 ಕಣದ ಮೇಲೆ.

ಸಿಡಿ4 ಒಂದು ಬಗೆಯ ಬಿಳಿ ರಕ್ತಕಣ. ಸೋಂಕಿನ ಸುಳಿವು ಸಿಕ್ಕರೆ ಕೆರಳುತ್ತದೆ, ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ, ಉಳಿದ ಕಣಗಳನ್ನೂ ಎಬ್ಬಿಸುತ್ತದೆ. ಎಚ್‌ಐವಿ ಬೆಳೆಯೋದಕ್ಕೂ ಈ ಕೆರಳುವಿಕೆಯೇ ಬೇಕು. ಒಲೆ ಹೊತ್ತಿಸದ ಆಲೆಮನೆಯಲ್ಲಿ ಕಬ್ಬು ಎಷ್ಟಿದ್ದರೂ ಬೆಲ್ಲ ಆಗಲ್ಲ, ಅಲ್ವಾ? ಕಣ ತಣ್ಣಗಿದ್ದರೆ ವೈರಸ್ ಅದರ ಡಿಎನ್‌ಎ ಒಳಗೆ ಸುಮ್ನೆ ಕೂತಿರುತ್ತದೆ. ಮಿನೋಸೈಕ್ಲಿನ್ ಹಾಕಿದಾಗ ಕಣಗಳು ಅಷ್ಟಾಗಿ ಕೆರಳಲಿಲ್ಲ. ಹೊಸ ವೈರಸ್ ಕಡಿಮೆ ಹುಟ್ಟಿತು. ಅಡಗಿದ್ದದ್ದು ಮತ್ತೆ ಏಳುವುದೂ ತಗ್ಗಿತು. ಹಾಗಂತ ವೈರಸ್ ಸಾಯಲಿಲ್ಲ. ಮೊಬೈಲ್ ಸುದ್ದಿಯಲ್ಲಿ ಬಿಟ್ಟುಹೋಗಿದ್ದು ಇದೇ.

ಎಚ್‌ಐವಿಯಿಂದ ನೆನಪು, ಯೋಚನೆ ಮಂಕಾದವರಿಗೆ ಅಮೆರಿಕದಲ್ಲೂ ಉಗಾಂಡದಲ್ಲೂ ಈ ಮಾತ್ರೆಯನ್ನು 24 ವಾರ ಕೊಟ್ಟು ನೋಡಿದರು. ಅದಕ್ಕೂ ಮುಂಚೆ ಕೋತಿಗಳಲ್ಲಿ ಮಿದುಳಿನ ಉರಿಯೂತ ತಗ್ಗಿಸಿತ್ತು. ಮನುಷ್ಯರ ಮಂಕು ಮಾತ್ರ ಕಳೆಯಲಿಲ್ಲ. ಎಚ್‌ಐವಿಗೆಂದೇ ಕೊಡುವ ಎಆರ್‌ಟಿ ಮಾತ್ರೆಗಳ ಕಥೆ ಬೇರೆ. ಅವು ವೈರಸ್ ತನ್ನ ಪ್ರತಿ ಮಾಡಿಕೊಳ್ಳುವ ಹಂತಗಳನ್ನೇ ತಡೆಯುತ್ತವೆ. ಅವುಗಳ ಜಾಗಕ್ಕೆ ಮಿನೋಸೈಕ್ಲಿನ್ ಬರಲಾರದು. ಮೊಡವೆಗೋ ಕುಷ್ಠಕ್ಕೋ ಬೇಕಾದರೆ ಜೊತೆಗೆ ಕೊಡುತ್ತೇವೆ, ತಲೆಸುತ್ತು ಬಂತಾ, ಚರ್ಮ ನೀಲಿಗಪ್ಪು ತಿರುಗಿತಾ ಅಂತ ನೋಡುತ್ತಿರುತ್ತೇವೆ.

ನನಗೆ ಜಾಸ್ತಿ ಚಿಂತೆ ಇನ್ನೊಂದು ಮಾತ್ರೆಯದು. ಸಿಡಿ4 ಎಣಿಕೆ 350ಕ್ಕಿಂತ ಕೆಳಗಿದ್ದವರಿಗೆ ಕೊಡುವ ಕೋಟ್ರೈಮಾಕ್ಸಜೋಲ್. ಇದೂ ವೈರಸ್ ಮುಟ್ಟುವುದಿಲ್ಲ. ಆದರೆ ಕಣಗಳು ಸೊರಗಿದಾಗ ನುಗ್ಗುವ ಒಂದು ಬಗೆಯ ನ್ಯುಮೋನಿಯಾ, ಮಿದುಳಿಗೆ ಬರುವ ಟಾಕ್ಸೋಪ್ಲಾಸ್ಮಾ ಸೋಂಕು ಎರಡನ್ನೂ ತಡೆಯುತ್ತದೆ. ಅಗ್ಗದ ಮಾತ್ರೆ ಅಂತ ತಾತ್ಸಾರ ಮಾಡಿ ಬಿಡುವವರು ಎಷ್ಟೋ ಜನ. ಮೈಮೇಲೆ ಗಂಧೆ ಎದ್ದರೆ ತಕ್ಷಣ ಬಂದು ತೋರಿಸಿ. ಉಳಿದಂತೆ, ಸಿಡಿ4 ಏರಿ ನಿಂತ ಮೇಲೆ ನಾವೇ ನಿಲ್ಲಿಸುತ್ತೇವೆ, ಅಲ್ಲಿವರೆಗೆ ದಿನಾ ತಗೊಳ್ಳಿ.