ಅಜ್ಜನ ಉಗಿ ಎಂಜಿನ್ನಿಗೆ ಹುಣಸೆಹಣ್ಣು ಹಚ್ಚಬಹುದೇ?

ಪ್ರಶ್ನೆ: "ಸರ, ಅಟ್ಟ ಸ್ವಚ್ಛ ಮಾಡೂ ಮುಂದ ಅಜ್ಜನ ಟ್ರಂಕಿನ್ಯಾಗ ಹಿತ್ತಾಳಿ ರೈಲ್ ಎಂಜಿನ್ ಸಿಕ್ಕೈತಿ. ಕೀಲಿ ಕೊಡೂದಲ್ಲ, ಖರೇನ ಉಗಿ ಮ್ಯಾಲೆ ಓಡೂದು. ಹುಣಸಿಹಣ್ಣು ಹಚ್ಚಿ ತಿಕ್ಕೀವಿ, ಈಗ ಫಳಫಳ ಅಂತೈತಿ. ಯಾವ ಕಂಪನಿದು? ಓಡಿಸಬಹುದಾ?"

ತಿಕ್ಕಿದ ಮೇಲೆ ಕೇಳುತ್ತೀರಿ. ಎಲ್ಲರೂ ಹೀಗೇ. ಬೆಳಗಾವಿಯಲ್ಲಿ ದೀಪಾವಳಿಯ ಸ್ವಚ್ಛತೆ ಶುರುವಾಯಿತೆಂದರೆ ನನ್ನ ಫೋನಿಗೆ ಇದೇ ಕಥೆ ಬರುತ್ತದೆ. ಅಟ್ಟ ಬೇರೆ, ಅಜ್ಜ ಬೇರೆ, ಹುಣಸೆಹಣ್ಣು ಮಾತ್ರ ಅದೇ.

ದೇವರ ಸಾಮಾನಿಗೆ, ತಂಬಿಗೆಗೆ, ನೀರು ಕಾಯಿಸುವ ಬಂಬಿಗೆ ಹುಣಸೆಹಣ್ಣು ಹಚ್ಚಿ, ನನ್ನ ತಕರಾರಿಲ್ಲ. ಅವಕ್ಕೆ ಸಂದುಗೊಂದು ಕಡಿಮೆ, ತಿಕ್ಕಿ ಎರಡು ಚರಿಗೆ ನೀರು ಹಾಕಿದರೆ ಹುಳಿಯೆಲ್ಲ ಹೋಯಿತು. ಎಂಜಿನ್ನಿನಲ್ಲಿ ಸಂದು ಬಿಟ್ಟರೆ ಬೇರೇನಿದೆ? ರಿವೆಟ್ಟಿನ ತಲೆಯ ಕೆಳಗೆ, ಬೆಸುಗೆಯ ಅಂಚಿಗೆ, ಅಚ್ಚಿನ ಬೇರಿಂಗಿಗೆ ನುಗ್ಗಿದ ಹುಳಿ ಎಷ್ಟು ತೊಳೆದರೂ ಪೂರ್ತಿ ಹೊರಗೆ ಬರುವುದಿಲ್ಲ. ಜೊತೆಗೆ ನೀವು ಚಿಟಿಕೆ ಉಪ್ಪನ್ನೂ ಹಾಕಿರುತ್ತೀರಿ. ಮಳೆಗಾಲದ ತಂಪಿಗೆ ಆ ಉಪ್ಪು ನೀರೆಳೆದುಕೊಂಡು ಉಕ್ಕಿನ ಅಚ್ಚಿಗೆ ತುಕ್ಕು ಹಿಡಿಸುತ್ತಾ ಕೂರುತ್ತದೆ.

ಇನ್ನು ಆ ಹೊಳಪು. ಹಿತ್ತಾಳೆ ಎಂದರೆ ತಾಮ್ರಕ್ಕೆ ಸತು ಬೆರೆಸಿದ್ದು. ಹುಣಸೆಯ ಟಾರ್ಟಾರಿಕ್ ಆಮ್ಲ ಮೇಲಿನ ಕಪ್ಪನ್ನು ಕರಗಿಸುತ್ತದೆ. ಬಹಳ ಹೊತ್ತು ಬಿಟ್ಟರೆ ಸತುವನ್ನೂ ಎಳೆದುಕೊಳ್ಳುತ್ತದೆ. ಅಲ್ಲಲ್ಲಿ ನಸುಗೆಂಪು ಕಂಡರೆ "ಅಸಲಿ ಬಣ್ಣ ಬಂತು" ಎಂದು ಹಿಗ್ಗಬೇಡಿ, ಅದು ಸತು ಕಳಕೊಂಡ ಹಿತ್ತಾಳೆ. "ನಮ್ಮವ್ವ ಐವತ್ತು ವರ್ಷ ಹಿಂಗ ತಿಕ್ಕ್ಯಾಳ್ರಿ, ಏನೂ ಆಗಿಲ್ಲ" ಎಂದು ಒಬ್ಬರು ಜಗಳಕ್ಕೇ ಬಂದರು. ನಿಜ. ಆದರೆ ನಿಮ್ಮವ್ವ ತಂಬಿಗೆಯೊಳಗೆ ಉಗಿ ತುಂಬಿ ಬಾಯಿ ಬಿಗಿದಿರಲಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಯಾವ ಕಂಪನಿಯದು ಎಂದು ಕೇಳುತ್ತೀರಲ್ಲ, ಆ ಉತ್ತರ ಇದ್ದದ್ದೇ ನೀವು ತಿಕ್ಕಿ ಚರಂಡಿಗೆ ಬಿಟ್ಟ ಬಣ್ಣದಲ್ಲಿ. ಕ್ಯಾಬಿನ ನಂಬರು, ಅಂಚಿನ ಗೆರೆ, ಅಂಟಿಸಿದ ಅಕ್ಷರ, ಮೂಲದ ವಾರ್ನಿಶ್ ಇವೇ ಎಂಜಿನ್ನಿನ ಜಾತಕ. ಮುಂದಾದರೂ ಮೆತ್ತನೆ ಬ್ರಶ್ಶಿನಿಂದ ಧೂಳು ತೆಗೆಯಿರಿ, ಬರಿ ಲೋಹಕ್ಕೆ ಹೊಲಿಗೆ ಯಂತ್ರದ ಎಣ್ಣೆ ಸವರಿದ ಬಟ್ಟೆ, ಬಣ್ಣಕ್ಕೆ ಒಣ ಬಟ್ಟೆ. ಅಷ್ಟು ಸಾಕು.

ತಿಕ್ಕಿದ್ದಾಯಿತು, ಉಳಿದದ್ದರಲ್ಲಿ ಹುಡುಕೋಣ. ಮೊದಲು ಎರಡು ಹಳಿಗಳ ನಡುವಿನ ಅಳತೆ, ಅಂದರೆ ಗೇಜ್: 32 ಮಿ.ಮೀ. ಇದ್ದರೆ ಓ ಗೇಜ್, 45 ಇದ್ದರೆ ಒಂದನೇ ಗೇಜ್. ಹಳಿ ಇಲ್ಲದೆ ಚಕ್ರಗಳ ಒಳಮೈ ಅಳೆದರೆ ಕೆಲವು ಮಿ.ಮೀ. ಕಡಿಮೆ ಬರುತ್ತದೆ, ಗಾಬರಿಯಾಗಬೇಡಿ. ಆಮೇಲೆ ಸಿಲಿಂಡರ್. ಚಕ್ರ ತಿರುಗಿದಂತೆ ಸಿಲಿಂಡರೇ ತೂಗಾಡಿದರೆ ಅದು ಸರಳ ಜಾತಿ. ಇಂಗ್ಲೆಂಡಿನ ಬೌಮನ್ ಕಂಪನಿ 1920–30ರ ದಶಕಗಳಲ್ಲಿ ಮಾಡಿದ ಸ್ಪಿರಿಟ್ ದೀಪದ ಎಂಜಿನ್‌ಗಳು ಹೀಗೆ. 1979ರ ಸುಮಾರಿಗೆ ಬಂದ ಮಾಮೋಡ್ ಎಂಜಿನ್ನೂ ಹೀಗೇ, ಅದಕ್ಕೆ ಇಂಧನದ ಬಿಲ್ಲೆ ಇಡುವ ತಟ್ಟೆ ಇರುತ್ತದೆ. ಜಿಬಿಎನ್ ಎಂಬ ಮೂರಕ್ಷರ ಕಂಡರೆ ಜರ್ಮನಿಯ ನ್ಯೂರೆಂಬರ್ಗಿನ ಬಿಂಗ್ ಕಂಪನಿ. ಇಂಗ್ಲೆಂಡಿನ ಬ್ಯಾಸೆಟ್ ಲೋಕ್ ಕಂಪನಿಯ ಹೆಸರಿದ್ದರೂ ಎಲ್ಲವನ್ನೂ ಅವರೇ ಮಾಡಿದ್ದೆಂದು ತಿಳಿಯಬೇಡಿ, ಬಿಂಗ್ ಮಾಡಿದ್ದನ್ನೂ ಅವರು ಮಾರುತ್ತಿದ್ದರು. "ಹಳೇದು, ಹಿತ್ತಾಳಿದು, ಅಂದಮ್ಯಾಲೆ ಬ್ರಿಟಿಷರ ಕಾಲದ್ದು" ಎನ್ನುವವರಿಗೆ ಒಂದು ಮಾತು: ಜಪಾನಿನ ಆಸ್ಟರ್ ಕಂಪನಿ ಉಗಿ ಎಂಜಿನ್ ಮಾಡಲು ಶುರು ಮಾಡಿದ್ದೇ 1975ರಲ್ಲಿ.

ಓಡಿಸಬಹುದೇ? ಬಾಯ್ಲರ್ ಪರೀಕ್ಷೆ ಆಗುವ ತನಕ ಬೆಂಕಿ ತೋರಿಸಬೇಡಿ. ಪಂಕ್ಚರ್ ಅಂಗಡಿಗೆ ಒಯ್ದು ಗಾಳಿ ತುಂಬಿಸಿ ನೋಡುವ ಶೂರರೂ ಇದ್ದಾರೆ. ಅವರ ಮುಖ ಇನ್ನೂ ನೆಟ್ಟಗಿರುವುದು ಅವರ ಪುಣ್ಯ. ಅದುಮಿದ ಗಾಳಿ ಸ್ಪ್ರಿಂಗ್ ಇದ್ದಂತೆ, ಬಾಯ್ಲರ್ ಬಿರಿದರೆ ಚೂರು ಸಿಡಿಯುತ್ತದೆ. ನೀರು ಹಾಗೆ ಕುಗ್ಗುವುದಿಲ್ಲ, ಬಿರಿದರೆ ಚಿಮ್ಮಿ ನಿಲ್ಲುತ್ತದೆ. ಆದ್ದರಿಂದ ಗಾಳಿಯ ಗುಳ್ಳೆಯೂ ಉಳಿಯದಂತೆ ತಣ್ಣೀರು ತುಂಬಿ, ಕೈಪಂಪಿನಿಂದ ಓಡುವ ಒತ್ತಡದ ಒಂದೂವರೆ ಪಟ್ಟು ಏರಿಸಿ, ಒತ್ತಡ ತೋರಿಸುವ ಮುಳ್ಳು ನೋಡುತ್ತಾ ಕಾಯಬೇಕು. ಒತ್ತಡ ಹೆಚ್ಚಾದಾಗ ಸೇಫ್ಟಿ ವಾಲ್ವ್ ತೆರೆದುಕೊಳ್ಳುತ್ತದೋ ಇಲ್ಲವೋ ಬೇರೆಯಾಗಿ ನೋಡಿ. ಹಳೆಯ ಬಿಳಿ ಹಗ್ಗದಂಥ ಪ್ಯಾಕಿಂಗ್ ಕಂಡರೆ ಊದಬೇಡಿ, ಕೆರೆಯಬೇಡಿ. ಅದು ಕಲ್ನಾರು (ಆಸ್ಬೆಸ್ಟಾಸ್) ಆಗಿರಬಹುದು, ಒದ್ದೆ ಮಾಡಿ ತೆಗೆಯಿರಿ.

ನೀರು ಮುಗಿಯಲು ಬಿಡಬೇಡಿ. ಒಳಗೆ ನೀರಿರುವ ತನಕ ಚದರ ಸೆಂ.ಮೀ.ಗೆ 2 ಕೆಜಿ ಒತ್ತಡದಲ್ಲೂ ಬಾಯ್ಲರಿನ ತಾಮ್ರ 135 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ನೀರು ತೀರಿತೋ, ಸ್ಪಿರಿಟ್ಟಿನ ಜ್ವಾಲೆ ಅದನ್ನು ಎಲ್ಲಿಗೋ ಒಯ್ಯುತ್ತದೆ, ತವರ-ಸೀಸದ ಬೆಸುಗೆ 183ಕ್ಕೇ ಕರಗಲು ಶುರುವಾಗುತ್ತದೆ. ಮತ್ತೆ, ಸ್ಪಿರಿಟ್ಟಿನ ಜ್ವಾಲೆ ಬಿಸಿಲಲ್ಲಿ ಕಾಣುವುದಿಲ್ಲ. ಆರಿದೆ ಎಂದು ಬಗ್ಗಿ ಸ್ಪಿರಿಟ್ ಸುರಿದು ಮೀಸೆ ಸುಟ್ಟುಕೊಂಡವನು ನಾನೇ.

ವಿಜಯಪುರ, ಬಾಗಲಕೋಟೆ ಕಡೆಯವರು ಬೋರಿನ ಸವಳು ನೀರು ಹಾಕಬೇಡಿ, ಕೆಟಲಿನಲ್ಲಿ ಕಟ್ಟುವ ಬಿಳಿ ಹಕ್ಕಳೆಯೇ ಬಾಯ್ಲರಿನಲ್ಲೂ ಕಟ್ಟುತ್ತದೆ. ಬಟ್ಟೆಯಲ್ಲಿ ಸೋಸಿದ ಮಳೆನೀರು ಸಾಕು. ಓಡಿಸಿ ಆರಿದ ಮೇಲೆ ನೀರು ಚೆಲ್ಲಿ, ಬಿರಡೆ ತೆಗೆದಿಡಿ. ಸಿಲಿಂಡರಿಗೆ ಕೊಬ್ಬರಿ ಎಣ್ಣೆಯೂ ಬೇಡ, ಸೈಕಲ್ ಎಣ್ಣೆಯೂ ಬೇಡ, ಉಗಿ ಅವನ್ನು ತೊಳೆದುಬಿಡುತ್ತದೆ. ಸಕ್ಕರೆ ಕಾರ್ಖಾನೆಗಳಿಗೆ ಎಣ್ಣೆ ಕೊಡುವ ಅಂಗಡಿಯಲ್ಲಿ ಸ್ಟೀಮ್ ಸಿಲಿಂಡರ್ ಆಯಿಲ್ ಕೇಳಿ.

ಅಳತೆಯ ಮಾತು ಬಂದದ್ದಕ್ಕೆ, ಯಾರೂ ಕೇಳದ ಒಂದು ವಿಷಯ. ಗದಗ–ಹೊಟಗಿ ಹಾದಿಯಲ್ಲಿ, ನಮ್ಮ ಬೆಳಗಾವಿ ನಿಲ್ದಾಣದಲ್ಲಿ ಮೊದಲು ಇದ್ದದ್ದು ಮೀಟರ್‌ಗೇಜ್, ಅಂದರೆ 1000 ಮಿ.ಮೀ. ಮಾದರಿ ಅಸಲಿಗಿಂತ 22.5 ಪಟ್ಟು ಚಿಕ್ಕದೆಂದು ಅದನ್ನು 22.5ರಿಂದ ಭಾಗಿಸಿ ನೋಡಿ: ಸುಮಾರು ನಲವತ್ತನಾಲ್ಕೂವರೆ. ಜರ್ಮನಿಯ ಮಾದರಿ ರೈಲು ಕಂಪನಿ ಎಲ್‌ಜಿಬಿ 1968ರಿಂದ ಮಾರುತ್ತಿರುವ 45 ಮಿ.ಮೀ. ಹಳಿಗೆ ನಮ್ಮ ಮೀಟರ್‌ಗೇಜಿನ ಉಗಿ ಎಂಜಿನ್ ವೈಪಿಯ ಮಾದರಿ ಹೇಳಿ ಮಾಡಿಸಿದಂತೆ ಕೂರುತ್ತದೆ! ಈಗಿನ ಬ್ರಾಡ್‌ಗೇಜಿಗೆ ಇದೇ ಲೆಕ್ಕ ಹಿಡಿದರೆ 74 ದಾಟುತ್ತದೆ, ಹಳಿಯನ್ನೂ ನೀವೇ ಮಾಡಿಕೊಳ್ಳಬೇಕು. ನಾನು ಮಾಡುತ್ತಿರುವ ವೈಪಿ ಮಾದರಿಗೆ ಚೌಕಟ್ಟು ಮತ್ತು ಆರು ದೊಡ್ಡ ಚಕ್ರ ಆಗಿವೆ, ಬಾಯ್ಲರ್ ಇನ್ನೂ ತಗಡಾಗಿಯೇ ಬಿದ್ದಿದೆ.