ಕಾರ್ಡಿನಲ್ಲಿ ಅಚ್ಚಾಗದ ವಚನ

ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿಯುವಾಗ ನಮ್ಮ ಹಲವು ಸಭೆಗಳಲ್ಲಿ ಒಂದು ತಟ್ಟೆ ಸಾಲಿನಿಂದ ಸಾಲಿಗೆ ಸಾಗುತ್ತದೆ. ಅದರಲ್ಲಿ ಬೋರಲಾಗಿ ಇಟ್ಟ ವಾಗ್ದಾನದ ಕಾರ್ಡುಗಳಿರುತ್ತವೆ; ಹೊಸ ವರ್ಷಕ್ಕೆ ದೇವರ ಮಾತೆಂದು ಒಬ್ಬೊಬ್ಬರೂ ಎತ್ತಿಕೊಳ್ಳುವ, ಬೈಬಲಿನ ಒಂದೊಂದು ವಚನ ಅಚ್ಚಾದ ಚೀಟಿಗಳವು. ಪ್ರವಾದಿ ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದ 11ನೆಯ ವಚನ ಕೈಗೆ ಬಂದವರ ಮುಖ ಅರಳುತ್ತದೆ. ನಿಮ್ಮ ವಿಷಯದಲ್ಲಿ ನನಗಿರುವುದು ಅಹಿತದ ಯೋಚನೆಯಲ್ಲ, ಹಿತದ್ದೇ ಎಂದು ದೇವರು ಹೇಳುವ ಮಾತು ಅದು. ಹೋದ ಕೆಲಸ, ಮುರಿದ ಸಂಬಂಧ, ಕೈತಪ್ಪಿದ ಸೈಟು ಎಲ್ಲವೂ ಈ ವರ್ಷ ಮರಳಿ ಬಂದಾವು ಎಂದು ಅವರು ಓದಿಕೊಳ್ಳುತ್ತಾರೆ. ಕಾರ್ಡು ಚಿಕ್ಕದು, ಹಿಂದಿನ ವಚನಕ್ಕೆ ಅಲ್ಲಿ ಜಾಗವಿಲ್ಲ. ಆ ಹತ್ತನೆಯ ವಚನದಲ್ಲಿರುವುದು ಗಡುವು: ಎಪ್ಪತ್ತು ವರ್ಷ.

ಕ್ರಿ.ಪೂ. 597ರಲ್ಲಿ ಬಾಬೆಲಿನ (ಬ್ಯಾಬಿಲೋನಿನ) ಅರಸ ನೆಬೂಕದ್ನೆಚ್ಚರನು, ಯೆರೂಸಲೇಮು ರಾಜಧಾನಿಯಾಗಿದ್ದ ಯೆಹೂದದ ಅರಸನನ್ನೂ ಅಧಿಕಾರಿಗಳನ್ನೂ ಕಮ್ಮಾರರನ್ನೂ ಬಾಬೆಲಿಗೆ ಸೆರೆ ಒಯ್ದಿದ್ದ. ಎರಡೇ ವರ್ಷದಲ್ಲಿ ಎಲ್ಲರೂ ವಾಪಸಾಗುತ್ತಾರೆ ಎಂದು ಹನನ್ಯನೆಂಬ ಪ್ರವಾದಿ ಯೆರೂಸಲೇಮಿನಲ್ಲಿ ಸಾರಿದ. ಬಾಬೆಲಿನ ಆಳ್ವಿಕೆಯ ಗುರುತಾಗಿ ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನೂ ಕಿತ್ತು ಮುರಿದ. ಕಾರ್ಡಿನ ವಚನ ಬರುವುದು ಸೆರೆಯವರಿಗೆ ಯೆರೆಮೀಯ ಬರೆದ ಪತ್ರದಲ್ಲಿ; ಅದರಲ್ಲಿ ಅಂಥ ಸಿಹಿ ಇಲ್ಲ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ, ಸೆರೆಯಾಗಿರುವ ಊರಿನ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎಂದ. ಪತ್ರ ಕೇಳಿಸಿಕೊಂಡವರಲ್ಲಿ ಬಹುಪಾಲು ಜನ ಅಲ್ಲೇ ಮಣ್ಣಾಗಬೇಕಿತ್ತು.

ಇಲ್ಲಿ ಭಾಷೆಯದೂ ಒಂದು ತೊಡಕಿದೆ. ಕನ್ನಡ ಬೈಬಲಾದ ಸತ್ಯವೇದದಲ್ಲಿ ದೇವರು ಒಬ್ಬನೊಡನೆ ಮಾತಾಡುವಾಗ ‘ನೀನು’ ಎನ್ನುತ್ತಾನೆ. ಆದ್ದರಿಂದ ಈ ವಚನದ ‘ನಿಮ್ಮ’ ಇಡೀ ಸಮುದಾಯಕ್ಕೆ ಸಂದದ್ದು. ಇಂದಿನ ನಮ್ಮ ಕಿವಿಗೆ ಮಾತ್ರ ಅದು ಒಬ್ಬರನ್ನೇ ಮರ್ಯಾದೆಯಿಂದ ಕರೆದಂತೆ ಕೇಳಿಸುತ್ತದೆ.

ಬಿಡುಗಡೆ ಬಂತು, ನಿಜ. ಕ್ರಿ.ಪೂ. 539ರಲ್ಲಿ ಪರ್ಷಿಯದ ಕೋರೆಷ ಬಾಬೆಲನ್ನು ಗೆದ್ದ. 1879ರಲ್ಲಿ ಅಲ್ಲಿನ ಅವಶೇಷಗಳಲ್ಲಿ ಸಿಕ್ಕ, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಅವನ ಶಾಸನವಿರುವ ಮಣ್ಣಿನ ಉರುಳೆಯಲ್ಲಿ ಜನರನ್ನು ಅವರವರ ನೆಲೆಗೆ ಕಳುಹಿಸಿದ ಮಾತಿದೆ, ಯೆಹೂದದ ಹೆಸರಿಲ್ಲ. ಮರಳಿದವರು ದೇವಾಲಯಕ್ಕೆ ಅಸ್ತಿವಾರ ಹಾಕಿದ ದಿನ ಬಾಬೆಲಿನವರು ಕೆಡವಿದ್ದ ಹಳೆಯ ಆಲಯವನ್ನು ಕಂಡಿದ್ದ ಮುದುಕರು ಗಟ್ಟಿಯಾಗಿ ಅತ್ತರು, ಉಳಿದವರು ಹರ್ಷದಿಂದ ಕೂಗಿದರು. ಅಳು ಯಾವುದು, ಜಯಘೋಷ ಯಾವುದು ಎಂದು ಗೊತ್ತಾಗಲಿಲ್ಲ ಎನ್ನುತ್ತದೆ ಎಜ್ರನ ಗ್ರಂಥ. ಯೆಹೂದವನ್ನು ಆಳುತ್ತಿದ್ದ ದಾವೀದನ ವಂಶದ ಸಿಂಹಾಸನ ಮರಳಲಿಲ್ಲ. ಮುಂದೆ ಯೆರೂಸಲೇಮಿನ ಗೋಡೆ ಕಟ್ಟಿಸಿದ ನೆಹೆಮೀಯನ ಕಾಲಕ್ಕೂ ಅವರ ಪ್ರಾರ್ಥನೆಯಲ್ಲಿ, ಸ್ವಂತ ನೆಲದಲ್ಲೇ ನಾವು ದಾಸರು ಎಂಬ ಕೊರಗಿತ್ತು.

ಹಾಗಾಗಿಯೇ ಪುನರುತ್ಥಾನದ ನಂತರ ಶಿಷ್ಯರು ಯೇಸುವನ್ನು ಕೇಳಿದ್ದು, ರಾಜ್ಯವನ್ನು ಈಗಲಾದರೂ ಇಸ್ರಾಯೇಲಿಗೆ ಮರಳಿಸುವೆಯಾ ಎಂದು. ಕಾಲವನ್ನು ತಿಳಿಯುವುದು ನಿಮ್ಮ ಕೆಲಸವಲ್ಲ ಎಂದು ಅವನು ಸುಮ್ಮನಾಗಿಸಿದ. ಮಿಡತೆ ತಿಂದ ವರ್ಷಗಳನ್ನು ತುಂಬಿಕೊಡುವೆನೆಂಬ ಪ್ರವಾದಿ ಯೋವೇಲನ ಮಾತು ಇಂದು ಸಾಲ ತೀರುವ ಭರವಸೆಯಾಗಿ ಬೋಧನೆಗಳಲ್ಲಿ ಓಡಾಡುತ್ತದೆ. ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ಪಂಚಾಶತ್ತಮದ ದಿನ ಅವರಲ್ಲೊಬ್ಬನಾದ ಪೇತ್ರ ಅದೇ ಅಧ್ಯಾಯದಿಂದ ಎತ್ತಿಕೊಂಡದ್ದು ಬೆಳೆಯನ್ನಲ್ಲ, ಎಲ್ಲರ ಮೇಲೂ ಸುರಿಯುವ ಆತ್ಮವನ್ನು.

ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿಯಂಥ ಬೋಧಕರು ಈ ವಚನಗಳನ್ನು ಮತ್ತೆ ಭೂಪಟಕ್ಕೆ ಹೊಂದಿಸಿ, ಯೆಹೂದ್ಯರು ಅದೇ ನೆಲಕ್ಕೆ ಮರಳುವರೆಂದು ಓದಿದರು. 1909ರ ಸ್ಕೋಫೀಲ್ಡ್ ಬೈಬಲ್ ಆ ಓದನ್ನು ಅಡಿಟಿಪ್ಪಣಿಗಳಲ್ಲಿ ಹರಡಿತು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದಾಗ ಪ್ರವಾದನೆ ನೆರವೇರಿತು ಎಂದವರು ಅನೇಕ. ಅದೇ ವರ್ಷ ಮನೆಮಠ ಕಳೆದುಕೊಂಡವರಲ್ಲಿ ಪ್ಯಾಲೆಸ್ತೀನಿನ ಕ್ರೈಸ್ತರೂ ಇದ್ದರು. ಅವರನ್ನು ಮರೆತು ಓದುವ ಪ್ರವಾದನೆ ನನಗೆ ಒಪ್ಪಿಗೆಯಾಗುವುದಿಲ್ಲ.

ಯೆರೆಮೀಯ ತನ್ನ ಮಾತನ್ನು ತಾನು ಹೇಗೆ ನಂಬಿದ ಎಂಬುದಕ್ಕೆ ಒಂದು ಕ್ರಯಪತ್ರ ಸಾಕ್ಷಿಯಿದೆ. ಯೆರೂಸಲೇಮಿಗೆ ಬಾಬೆಲಿನ ಸೈನ್ಯದ ಮುತ್ತಿಗೆ ಬಿದ್ದಿತ್ತು, ಅವನು ಕಾವಲಿನಲ್ಲಿದ್ದ. ಆಗ ದಾಯಾದಿ ಹನಮೇಲನಿಂದ ತನ್ನ ಊರಾದ ಅನಾತೋತಿನ ಹೊಲವೊಂದನ್ನು ಹದಿನೇಳು ಶೆಕೆಲ್ ಬೆಳ್ಳಿಗೆ ಕೊಂಡ. ತಕ್ಕಡಿಯಲ್ಲಿ ಬೆಳ್ಳಿ ತೂಗಿ, ಸಾಕ್ಷಿಗಳ ರುಜು ಹಾಕಿಸಿ, ಪತ್ರಗಳು ಬಹುಕಾಲ ಉಳಿಯಲೆಂದು ಮಣ್ಣಿನ ಗಡಿಗೆಯಲ್ಲಿ ಇಡಿಸಿದ. ಪಟ್ಟಣ ಬಿದ್ದ ಮೇಲೆ ಅವನನ್ನು ಐಗುಪ್ತಕ್ಕೆ (ಈಜಿಪ್ಟಿಗೆ) ಕರೆದೊಯ್ದರು. ಆ ಹೊಲದಲ್ಲಿ ಅವನು ಬಿತ್ತಿದನೆಂದು ಎಲ್ಲೂ ಬರೆದಿಲ್ಲ.