ಸೋಡಾ ಹೆಸರಿನಲ್ಲಿ ಮಕ್ಕಳ ತಲೆಗೆ ಇಳಿಯುವುದೇನು?

ಮದ್ಯದ ಕಂಪನಿಯೊಂದು ಮಾಡಿಸಿದ ಸೋಡಾ ಜಾಹೀರಾತನ್ನು ಒಮ್ಮೆ ಗಮನವಿಟ್ಟು ನೋಡಿ. ಮಹಡಿ ಮೇಲೆ ಗೆಳೆಯರ ಗುಂಪು, ಗಿಟಾರು, ಹೊರಮೈಯಲ್ಲಿ ನೀರಹನಿ ಕಟ್ಟಿದ ಗಾಜಿನ ಲೋಟ, ಜೋರು ನಗು. ಸೋಡಾದ ರುಚಿ, ಬೆಲೆಯ ಬಗ್ಗೆ ಒಂದು ಮಾತೂ ಇರುವುದಿಲ್ಲ. ಕೊನೆಗೆ ಪರದೆ ತುಂಬ ಮೂಡುವ ಹೆಸರನ್ನು ನೀವು ವೈನ್ ಶಾಪಿನ ಬೋರ್ಡಿನಲ್ಲಿ ಓದಿರುತ್ತೀರಿ. ಶಾಲೆಗೆ ಅದೇ ದಾರಿಯಲ್ಲಿ ಹೋಗುವ ಹುಡುಗನೂ ಓದಿರುತ್ತಾನೆ.

ಕೇಬಲ್ ಟಿವಿ ನಿಯಮಗಳ ಪ್ರಕಾರ ನಮ್ಮಲ್ಲಿ ಮದ್ಯದ ಜಾಹೀರಾತಿಗೆ ಅವಕಾಶವಿಲ್ಲ. ಹಾಗಾಗಿ ಅದೇ ಹೆಸರನ್ನು ನೀರಿನ ಬಾಟಲಿ, ಸೋಡಾ, ಮ್ಯೂಸಿಕ್ ಸಿಡಿಗಳ ಮೇಲೆ ಅಂಟಿಸಿ ತೋರಿಸುವ ಉಪಾಯ ಬೆಳೆಯಿತು. ಇದಕ್ಕೆ ಸರೋಗೇಟ್ ಜಾಹೀರಾತು ಎನ್ನುತ್ತಾರೆ. ನಮ್ಮ ಬೆಂಗಳೂರಿನ ಐಪಿಎಲ್ ತಂಡದ ಹೆಸರನ್ನೇ ನೋಡಿ. 2008ರಲ್ಲಿ ವಿಜಯ್ ಮಲ್ಯ ಅವರ ಕಂಪನಿ ತಂಡವನ್ನು ಕೊಂಡಾಗ ಆ ಹೆಸರು ಬಂದದ್ದು ಅದೇ ಕಂಪನಿಯ ವಿಸ್ಕಿಯಿಂದ. ಆರ್‌ಸಿಬಿ ಎಂದರೆ ಜೀವ ಬಿಡುವ ಮಕ್ಕಳಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಬಾಟಲಿಯನ್ನೇ ತೋರಿಸದೆ ಬರೀ ಹೆಸರು ತೋರಿಸಿದರೆ ಏನಾದೀತು ಎಂದು ಕೇಳಬಹುದು. ಮನಃಶಾಸ್ತ್ರಜ್ಞ ರಾಬರ್ಟ್ ಜಯಾಂಕ್ 1968ರಲ್ಲಿ ತೋರಿಸಿಕೊಟ್ಟ ಸಂಗತಿ ಇಲ್ಲಿ ಕೆಲಸ ಮಾಡುತ್ತದೆ: ಒಂದು ಪದವೋ ಚಿಹ್ನೆಯೋ ಪದೇ ಪದೇ ಕಣ್ಣಿಗೆ ಬೀಳುತ್ತಿದ್ದರೆ, ಬೇರೆ ಯಾವ ಕಾರಣವೂ ಇಲ್ಲದೆ ಅದರ ಮೇಲೆ ಒಲವು ಬೆಳೆಯುತ್ತದೆ. 1990ರ ದಶಕದಲ್ಲಿ ಅಮೆರಿಕದ ಬಡ್‌ವೈಸರ್ ಬಿಯರ್ ಜಾಹೀರಾತಿನಲ್ಲಿ ಮೂರು ಕಪ್ಪೆಗಳು ಬ್ರ್ಯಾಂಡಿನ ಹೆಸರನ್ನು ತುಂಡು ತುಂಡಾಗಿ ವಟಗುಟ್ಟುತ್ತಿದ್ದವು. ಅಲ್ಲಿನ 9ರಿಂದ 11 ವರ್ಷದ ಮಕ್ಕಳನ್ನು ಮಾತಾಡಿಸಿದಾಗ, ಆ ಕಪ್ಪೆಗಳು ಏನು ಹೇಳುತ್ತವೆ ಎಂಬುದು ಬಹುಪಾಲು ಮಕ್ಕಳಿಗೆ ಬಾಯಿಪಾಠವಾಗಿತ್ತು. ಅವರಿಗೆ ಇನ್ನೂ ಬಿಯರ್ ಕುಡಿಯುವ ವಯಸ್ಸಲ್ಲ, ಆದರೆ ಹೆಸರು ಆಗಲೇ ಮನಸ್ಸಿನಲ್ಲಿ ಕೂತಿತ್ತು.

ಹೆಸರಿನ ಜೊತೆಗೆ ನಂಬಿಕೆಯೂ ಕೂರುತ್ತದೆ. ಮೊದಲ ಗುಟುಕು ಬಿಯರ್ ಕಹಿ, ವಿಸ್ಕಿ ಗಂಟಲು ಸುಡುತ್ತದೆ. ಆದರೂ ಹುಡುಗರು ಮುಖ ಕಿವುಚಿಕೊಂಡು ಎರಡನೇ ಗುಟುಕು ಎಳೆಯುವುದು ಏಕೆ? ಕುಡಿದರೆ ಧೈರ್ಯ ಬರುತ್ತದೆ, ಗೆಳೆತನ ಗಟ್ಟಿಯಾಗುತ್ತದೆ ಎಂಬ ನಿರೀಕ್ಷೆ ಮೊದಲೇ ತಯಾರಾಗಿರುವುದರಿಂದ. ಆ ಮಹಡಿ ಮೇಲಿನ ದೃಶ್ಯ ತಯಾರಿಸುವುದು ಈ ನಿರೀಕ್ಷೆಯನ್ನೇ. ಹದಿಹರೆಯದಲ್ಲಿ ಮೆದುಳಿನ ಖುಷಿ ಹುಡುಕುವ ಭಾಗಗಳು ಚುರುಕಾಗಿರುತ್ತವೆ. ಅದಕ್ಕೆ ಕಡಿವಾಣ ಹಾಕಬೇಕಾದ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು.

ಈಗಾಗಲೇ ಕುಡಿಯುವವರು ಬ್ರ್ಯಾಂಡ್ ಬದಲಿಸಲಿ ಎಂಬುದಷ್ಟೇ ಜಾಹೀರಾತಿನ ಉದ್ದೇಶ ಎಂದು ಮದ್ಯೋದ್ಯಮ ಹೇಳುತ್ತಲೇ ಬಂದಿದೆ. ಕುಡಿತದ ಕಡೆ ಒಲವಿದ್ದ ಮಕ್ಕಳೇ ಜಾಹೀರಾತನ್ನು ಹೆಚ್ಚು ಗಮನಿಸುತ್ತಿರಬಹುದಲ್ಲ ಎಂಬ ಪ್ರಶ್ನೆಯೂ ಇದೆ, ಅದು ನ್ಯಾಯವಾದ ಪ್ರಶ್ನೆ. ಉತ್ತರ ಸಿಗಬೇಕಾದರೆ ಮಕ್ಕಳು ಎಷ್ಟು ಜಾಹೀರಾತು ನೋಡುತ್ತಾರೆಂದು ಮೊದಲು ಬರೆದಿಟ್ಟುಕೊಂಡು, ಆಮೇಲೆ ಕಾಲಕಾಲಕ್ಕೆ ಅವರನ್ನು ವಿಚಾರಿಸುತ್ತ ಹೋಗಬೇಕು. ಇಂಥ 13 ಅಧ್ಯಯನಗಳನ್ನು 2009ರಲ್ಲಿ ಒಟ್ಟಿಗೆ ಪರಿಶೀಲಿಸಲಾಯಿತು. ಅವುಗಳಲ್ಲಿ 38,000ಕ್ಕೂ ಹೆಚ್ಚು ಎಳೆಯರಿದ್ದರು. 12 ಅಧ್ಯಯನಗಳಲ್ಲಿ ಕಂಡದ್ದು ಒಂದೇ: ಹೆಚ್ಚು ನೋಡಿದವರು ಕುಡಿತ ಶುರುಮಾಡುವ ಸಾಧ್ಯತೆ ಹೆಚ್ಚು, ಈಗಾಗಲೇ ಕುಡಿಯುತ್ತಿದ್ದರೆ ಪ್ರಮಾಣವೂ ಹೆಚ್ಚು. ಅದೇ ವರ್ಷ ನೆದರ್ಲೆಂಡ್ಸ್‌ನಲ್ಲಿ 80 ಯುವಕರನ್ನು ಕೂರಿಸಿ ಒಂದು ಗಂಟೆ ಸಿನಿಮಾ ತೋರಿಸಿದರು. ಸಿನಿಮಾದಲ್ಲೂ ನಡುವಿನ ಜಾಹೀರಾತಿನಲ್ಲೂ ಮದ್ಯ ಕಂಡವರು, ಎರಡರಲ್ಲೂ ಕಾಣದವರಿಗಿಂತ ಸರಾಸರಿ ಒಂದೂವರೆ ಗ್ಲಾಸ್ ಹೆಚ್ಚು ಕುಡಿದರು.

ಮನೆಯ ವಾತಾವರಣ, ಗೆಳೆಯರ ಒತ್ತಾಯ, ಕೈಗೆಟಕುವ ಬೆಲೆ ಇವೆಲ್ಲ ಸೇರಿ ಕುಡಿತ ಶುರುವಾಗುತ್ತದೆ, ಜಾಹೀರಾತು ಒಂದನ್ನೇ ದೂರಿ ಪ್ರಯೋಜನವಿಲ್ಲ. ಆದರೆ ಇವುಗಳಲ್ಲಿ ಸರ್ಕಾರ ಒಂದು ಆದೇಶದಿಂದ ನಿಲ್ಲಿಸಬಹುದಾದದ್ದು ಜಾಹೀರಾತು. ನಾರ್ವೆ 1975ರಲ್ಲೇ ನಿಲ್ಲಿಸಿತು, ಲಿಥುವೇನಿಯಾ 2018ರಲ್ಲಿ. ನಮ್ಮಲ್ಲೂ 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಸರೋಗೇಟ್ ಜಾಹೀರಾತನ್ನು ನಿಷೇಧಿಸಿತು. ಅಷ್ಟಾದರೂ 2025ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಐಪಿಎಲ್‌ಗೆ ಪತ್ರ ಬರೆದು, ತಂಬಾಕು ಮತ್ತು ಮದ್ಯದ ಜಾಹೀರಾತು ಬೇಡ, ಪರೋಕ್ಷವಾದದ್ದೂ ಬೇಡ ಎಂದು ಕೇಳಬೇಕಾಯಿತು. ನಿಯಮ ಕಾಗದದ ಮೇಲಿದ್ದರೆ ಸಾಲದು, ಉಲ್ಲಂಘಿಸಿದವರಿಗೆ ದಂಡ ಬೀಳಬೇಕು.

ಅಲ್ಲಿಯವರೆಗೆ ಮನೆಯಲ್ಲಿ ಆಗುವ ಕೆಲಸವೂ ಒಂದಿದೆ. ಅಮೆರಿಕದಲ್ಲಿ ಮೂರನೇ ತರಗತಿಯ ಮಕ್ಕಳಿಗೆ ಜಾಹೀರಾತನ್ನು ಬಿಡಿಸಿ ನೋಡುವುದನ್ನು ಕಲಿಸಿದಾಗ, ಕುಡಿತದಿಂದ ಒಳ್ಳೆಯದಾಗುತ್ತದೆ ಎಂಬ ಅವರ ನಿರೀಕ್ಷೆ ತಗ್ಗಿತು. ಮ್ಯಾಚ್ ನೋಡುವಾಗ ಮಗುವನ್ನು ಕೇಳಿ: ಇವರು ಮಾರುತ್ತಿರುವುದು ಏನನ್ನು? ಈ ಸೋಡಾ ನಮ್ಮ ಬೀದಿಯ ಅಂಗಡಿಯಲ್ಲಿ ಸಿಗುತ್ತದಾ? ಸಿಗದಿದ್ದರೆ ಇಷ್ಟೊಂದು ದುಡ್ಡು ಖರ್ಚು ಮಾಡಿ ತೋರಿಸುವುದು ಯಾಕೆ?